ಕೆಂಪು ಕೋಳಿಯ ವಂಶಾವಳಿ

ಗೆಳೆಯರೇ, ಚಿನ್ನದ ಗಣಿಯೂರು ಕೋರಮಂಡಲ್‌ನ ನಮ್ಮ ಮನೆಯ ಹಿತ್ತಲಲ್ಲಿ ಇವತ್ತು ದೊಡ್ಡ ವಾದವೇ ನಡೆಯಿತು. ನಾದಿನಿಯ ಮನೆಯವರು ಮಧ್ಯಾಹ್ನ ಊಟಕ್ಕೆ ಬರುವವರಿದ್ದರು. ಅತ್ತೆ ಕೆಂಪು ನಾಟಿಕೋಳಿಯನ್ನು ಕುಯ್ಯಲು ಕತ್ತಿ ತಂದರೆ, ಹನ್ನೆರಡು ವರ್ಷದ ನನ್ನ ಮಗಳು ಅದನ್ನು ತಬ್ಬಿಕೊಂಡು ನಿಂತಳು.

"ಅಜ್ಜಿ, ವೆಲಾಸಿರ್ಯಾಪ್ಟರ್ ಅಂತ ಒಂದಿತ್ತು. ಟರ್ಕಿ ಕೋಳಿಯಷ್ಟೇ ಗಾತ್ರ, ಮೈಯೆಲ್ಲ ಪುಕ್ಕ, ಕಾಲಲ್ಲಿ ಕುಡುಗೋಲಿನಂಥ ಉಗುರು. ಬೇಟೆಯಾಡಿ ತಿಂತಿತ್ತು. ನಮ್ಮ ಕೋಳಿಗಳು ಅದರ ನೆಂಟರು. ಇದೂ ಡೈನೋಸಾರೇ!"

"ನಾನೂ ಅದ್ನೇ ಏಳ್ತಿರೋದು ಮಗಾ, ಸಾರೇ ಮಾಡಾನ ಅಂತ. ದಾರಿ ಬುಡು."

ಯಾರ ಪರ ನಿಲ್ಲಲಿ? ಕಲ್ಲಾಗಿ ಉಳಿದ ಮೂಳೆಗಳ ಕಥೆಯನ್ನು ಇಷ್ಟು ಚೆನ್ನಾಗಿ ಅರಿತವಳ ಬಗ್ಗೆ ಹೆಮ್ಮೆಯಿತ್ತು. ಸಾರಿನ ಆಸೆಯೂ ಇತ್ತು ಎಂದು ಒಪ್ಪಿಕೊಳ್ಳಬೇಕು.

ಅಷ್ಟರಲ್ಲಿ ಸೌದೆಯ ರಾಶಿಯಿಂದ ಇಲಿಮರಿಯೊಂದು ಹೊರಗೋಡಿತು. ಕೋಳಿ ಮಗಳ ತೋಳಿನಿಂದ ಚಿಮ್ಮಿತು. ಅಟ್ಟಿಸಿಕೊಂಡು ಹೋಗಿ, ಕುಕ್ಕಿ, ನೆಲಕ್ಕೆ ಬಡಿದು, ನಾವು ನೋಡುತ್ತಿದ್ದಂತೆಯೇ ಇಡಿಯಾಗಿ ನುಂಗಿತು. ಎಂಥ ವೇಗ, ಎಂಥ ಗುರಿ! ದಿನವೂ ಅಕ್ಕಿನುಚ್ಚು ಹಾಕುವ ನಾನು ಅದರ ಕಾಲುಗಳನ್ನು ಮೊದಲ ಸಲ ಸರಿಯಾಗಿ ನೋಡಿದೆ.

"ನೋಡಿದ್ರಾ ಅಜ್ಜಿ?" ಮಗಳು ಕುಣಿದಳು.

"ಥೂ! ಇಲಿ ತಿಂದಿದ್ದನ್ನ ನೆಂಟ್ರಿಗೆ ಎಂಗೆ ಬಡಿಸಾದು? ಓಗ್ಲಿ, ಬುಟ್ಬುಡು," ಎಂದು ಅತ್ತೆ ಕತ್ತಿಯನ್ನು ಒಳಗಿಟ್ಟರು.

ಬಂದವರು ಹುರುಳಿಕಾಳು ಸಾರು ಉಂಡು, ಹೊಗಳಿ ಹೋದರು. ಮಗಳೀಗ ಹಿತ್ತಲಲ್ಲಿ ಉಳಿದ ಕೋಳಿಗಳಿಗೆಲ್ಲ ಇಲಿಬೇಟೆ ಕಲಿಸುತ್ತಿದ್ದಾಳೆ.