ದೇವರ ಗೂಡಿನ ಮೊರ

ಮೊನ್ನೆ ನಮ್ಮ ಸೊಸೆ ಯಾವುದೋ ಮೇಳದಿಂದ ಒಂದು ಬಿದಿರಿನ ಮೊರ ತಂದು ನಡುಮನೆಯ ಗೋಡೆಗೆ ನೇತುಹಾಕಿದಳು. ಬರೀ ಅಂದಕ್ಕೆ. ಹೊಸ ಮೊರ, ಹೆಣಿಗೆ ಗಟ್ಟಿಯಾಗಲೆಂದು ಬಳಿದಿದ್ದ ಮೆಂತ್ಯದ ವಾಸನೆ ಇನ್ನೂ ಹೋಗಿರಲಿಲ್ಲ. ಚೆನ್ನಾಗಿದೆ ಕಣಮ್ಮ ಎಂದೆ. ಆದರೆ ಆ ವಾಸನೆಗೆ ಯಲಹಂಕದ ಆ ಮನೆ, ಅದನ್ನು ನಡೆಸುತ್ತಿದ್ದ ಅಮ್ಮಾವ್ರು ನೆನಪಾಗಿ, ಇಷ್ಟು ವರ್ಷದ ಮೇಲೂ ಮೈಯೆಲ್ಲ ಉರಿಯಿತು...

ಐವತ್ತರ ದಶಕದ ಕೊನೆಯ ಮಾತು. ಯಲಹಂಕದ ಹಳೇ ಊರಿನಲ್ಲಿ ಒಂದು ಹೆಂಚಿನ ಮನೆ. ಬುದ್ಧಿ ಬೆಳೆಯದ ಕೆಲವು ಹೆಂಗಸರನ್ನು ಅಮ್ಮಾವ್ರು ಅಲ್ಲಿ ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದರು. ಹೊರಗಿನವರು 'ಪೆದ್ದರ ಮನೆ' ಅನ್ನುತ್ತಿದ್ದರು, ಅಮ್ಮಾವ್ರ ಬೆನ್ನ ಹಿಂದೆ. ಅವರ ಎದುರು ಎಲ್ಲರೂ ಕೈಮುಗಿಯುವವರೇ. ಕೈಮುಗಿಯಬೇಕಾದ ಹೆಂಗಸೇ, ಅದರಲ್ಲಿ ಸುಳ್ಳಿಲ್ಲ. ನೆಲ ಫಿನಾಯಿಲ್ ಹಾಕಿ ತಿಕ್ಕಿರುತ್ತಿತ್ತು. ಶನಿವಾರ ಬಂತೆಂದರೆ ಪ್ರತಿಯೊಬ್ಬರಿಗೂ ಎಣ್ಣೆಸ್ನಾನ. ಯಾರಿಗಾದರೂ ಜ್ವರ ಬಂದರೆ ಅಮ್ಮಾವ್ರು ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದರು.

ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಆ ಮನೆ ಸೇರಿದ್ದು ನಮ್ಮಜ್ಜಿ ತೀರಿಕೊಂಡ ಮೇಲೆ. ಅಲ್ಲಾಳಸಂದ್ರದಲ್ಲಿ ನಮ್ಮದು ಬೇಸಾಯದ ಮನೆ. ಅತ್ತೆಗೆ ಮಾತು ಅಷ್ಟಕ್ಕಷ್ಟೆ, ಲೆಕ್ಕ ತಿಳಿಯದು, ಒಬ್ಬಳನ್ನೇ ಬಿಟ್ಟರೆ ಕೆರೆ ಕಡೆ ನಡೆದುಬಿಡುತ್ತಿದ್ದಳು. ಆದರೆ ಕೈಗೆ ಮೊರ ಕೊಟ್ಟರೆ ಅವಳೇ ಬೇರೆ. ಅಜ್ಜಿ ಕಲಿಸಿದ್ದ ಒಂದೇ ವಿದ್ಯೆ ಅದು. ರಾಗಿಯೋ ಹುರುಳಿಯೋ ಅಕ್ಕಿಯೋ, ಝಲ್ ಝಲ್ ಎಂದು ಕೇರುತ್ತ ಜಗಲಿಯಲ್ಲಿ ಕೂರುತ್ತಿದ್ದಳು. ಹೊಟ್ಟು ಮುಂದಕ್ಕೆ ಹಾರಿದರೆ ಕಾಳು ಹಿಂದಕ್ಕೆ ಬಂದು ಬೀಳುತ್ತಿತ್ತು. ಕಲ್ಲು ಸಿಕ್ಕಿದರೆ ಕಳ್ಳನನ್ನು ಹಿಡಿದವಳ ಹಾಗೆ ನಗುತ್ತಿದ್ದಳು. ಅಕ್ಕಪಕ್ಕದವರು "ನಮ್ದೂ ಒಸಿ ಕೇರ್ಕೊಡವ್ವ" ಅಂತ ಹುಡುಕಿಕೊಂಡು ಬರುತ್ತಿದ್ದರು.

ಅತ್ತೆ ಯಲಹಂಕಕ್ಕೆ ಹೋದ ಮೇಲೆ ನಾನು ಮೊದಲ ಸಲ ನೋಡಲು ಹೋದಾಗ ಊಟದ ಹೊತ್ತು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಎರಡು ಕೈಯನ್ನೂ ಕುರ್ಚಿಯ ತೋಳಿಗೆ ಕಟ್ಟಿದ್ದರು, ಹಳೇ ಸೀರೆಯ ಮೆತ್ತನೆ ಚೂರಿನಿಂದ. ಅಮ್ಮಾವ್ರು ಅನ್ನ ಸಾರು ನುಣ್ಣಗೆ ಕಲಸಿ ತುತ್ತು ಮಾಡಿ ಬಾಯಿಗಿಡುತ್ತಿದ್ದರು.

"ತಟ್ಟೆ ಕೊಟ್ರೆ ಸಾಕು, ಅನ್ನ ಎಲ್ಲಾ ಮೇಲಕ್ಕೆ ಎಸೀತಾಳೆ ಕಣಮ್ಮ. ಬಿಸಿ ಸಾರು ಮೈಮೇಲೆ ಬಿದ್ರೆ? ಊಟ ಆಗೋವರೆಗೆ ಅಷ್ಟೆ, ಆಮೇಲೆ ಬಿಚ್ಬಿಡ್ತೀನಿ," ಎಂದರು ಅಮ್ಮಾವ್ರು.

ನನಗೆ ತಕ್ಷಣ ಹೊಳೆಯಿತು. "ಎಸೀತಿಲ್ಲ ಅಮ್ಮಾವ್ರೇ, ಕೇರ್ತಾವ್ಳೆ! ಒಂದು ಮೊರ ಕೊಟ್ಟು ನೋಡಿ. ನಿಮ್ಮನೆ ಅಕ್ಕೀನೆಲ್ಲ ಅವಳೇ ಹಸನು ಮಾಡ್ತಾಳೆ, ತಟ್ಟೆ ತಂಟೆಗೇ ಬರಲ್ಲ."

"ಛೆ ಛೆ, ಎಲ್ಲಾದ್ರೂ ಉಂಟೇನಮ್ಮ! ಮಕ್ಕಳ ಕೈಲಿ ಕೆಲ್ಸ ಮಾಡಿಸ್ತಾರೆ ಅಂತ ನೋಡಿದೋರು ಏನಂದಾರು? ಇಲ್ಲಿ ಅವಳು ರಾಣಿ ಕಣಮ್ಮ."

ಮಕ್ಕಳಂತೆ! ಅತ್ತೆಯ ತಲೆ ಆಗಲೇ ಅರ್ಧ ನರೆತಿತ್ತು. ಅಮ್ಮಾವ್ರಿಗಿಂತ ಅವಳೇ ದೊಡ್ಡವಳು. ಮನೆಗೆ ಬಂದು ಅಪ್ಪನ ಮುಂದೆ ಕೂಗಾಡಿದೆ. "ಕೈತುತ್ತು ತಿನ್ನಿಸ್ತಾರಲ್ಲಮ್ಮ, ಹೆತ್ತೋರಾದ್ರೂ ಇನ್ನೇನ್ ಮಾಡ್ತಿದ್ರು?" ಎಂದು ಅಪ್ಪ ಎದ್ದು ಹೊಲಕ್ಕೆ ಹೋದರು. ಹೊಡೆದರು, ಉಪವಾಸ ಕೆಡವಿದರು ಅಂದಿದ್ದರೆ ಊರೇ ಎದ್ದು ಬರುತ್ತಿತ್ತು. ಅಕ್ಕರೆಯ ಮೇಲೆ ದೂರು ಕೊಡುವುದು ಯಾರಿಗೆ? ಬಾಯೊಳಗೆ ಬಿಸಿ ತುಪ್ಪ... ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಷ್ಟರಲ್ಲಿ ಯಶವಂತಪುರದ ಕಡೆಗೆ ನನ್ನ ಮದುವೆಯಾಯಿತು. ಹೊಸ ಸೊಸೆ, ತುಂಬಿದ ಮನೆ. ಸೋದರತ್ತೆಯನ್ನು ಕರೆದುಕೊಂಡು ಬರುತ್ತೇನೆ ಎನ್ನುವ ಬಾಯಿ ನನಗೆಲ್ಲಿಂದ ಬರಬೇಕು? ಆದರೆ ಮೊದಲ ವರ್ಷದ ಗೌರಿ ಹಬ್ಬಕ್ಕೆ ಮುತ್ತೈದೆಯರಿಗೆ ಮೊರದ ಬಾಗಿನ ಕೊಡಬೇಕಲ್ಲ, ಆಗ ಒಂದು ಉಪಾಯ ತೋಚಿತು. ಅಮ್ಮಾವ್ರೂ ಮುತ್ತೈದೆಯೇ. ಬಾಗಿನವೆಂದರೆ ಬೇಡ ಅನ್ನುವಂತಿಲ್ಲ. ಅಕ್ಕಿ, ಬೇಳೆ, ಬೆಲ್ಲ ಡಬ್ಬಿ ಸೇರಿದ ಮೇಲೆ ಜೋಡಿ ಮೊರ ಖಾಲಿ ತಾನೆ? ಮನೆಯಲ್ಲಿ ಮೊರ ಬಿದ್ದಿದ್ದರೆ ಅತ್ತೆಯ ಕೈ ಒಂದಲ್ಲ ಒಂದು ದಿನ ಅದನ್ನು ಹುಡುಕಿಕೊಳ್ಳುತ್ತದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಬಸ್ಸು ಹತ್ತಿದೆ.

ಅಮ್ಮಾವ್ರು ಸೆರಗು ಹೊದ್ದು, ಕಣ್ಣು ತುಂಬಿಕೊಂಡು ಬಾಗಿನ ತೆಗೆದುಕೊಂಡರು. ನಾನು ಮೆಲ್ಲಗೆ, "ಮೊರ ಮಾತ್ರ ಅತ್ತೆಗೆ ಕೊಡಿ ಅಮ್ಮಾವ್ರೇ," ಎಂದೆ.

"ಗೌರಮ್ಮನ ಮೊರಾನ ಕಲ್ಲು ಮಣ್ಣಿಗೆ ಹಾಕೋದೇನಮ್ಮ?" ಎಂದು ಜೋಡಿ ಮೊರವನ್ನು ದೇವರ ಗೂಡಿನಲ್ಲಿ ಇಟ್ಟು ಕೈಮುಗಿದುಬಿಟ್ಟರು.

ನಮ್ಮ ಕಡೆ ಬಾಗಿನದ ಮೊರದಲ್ಲಿ ವರ್ಷವೆಲ್ಲ ರಾಗಿ ಕೇರುತ್ತಾರೆ, ಯಾವ ಗೌರಮ್ಮನೂ ಮುನಿಸಿಕೊಂಡಿಲ್ಲ. ಹೇಳಿದೆ. ಕೇಳಬೇಕಲ್ಲ! ಆಮೇಲೆ ಹೋದಾಗಲೆಲ್ಲ ಅದೇ ನೋಟ. ಮೇಲೆ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಮೊರ, ಕೆಳಗೆ ಕೈ ಕಟ್ಟಿಸಿಕೊಂಡ ಅತ್ತೆ. ನಾನು ಹೇಳುವುದನ್ನು ಬಿಡಲಿಲ್ಲ. ಅಮ್ಮಾವ್ರು ನಗುವುದನ್ನೂ ಬಿಡಲಿಲ್ಲ. ನನಗೆ ಮಜ್ಜಿಗೆ ಕೊಟ್ಟು, ತಲೆ ಸವರಿ ಕಳಿಸುತ್ತಿದ್ದರು.

ಬಾಣಂತನ, ಮಕ್ಕಳು ಅಂತ ನನಗೂ ಕೆಲವು ವರ್ಷ ಹೋಗಲಾಗಲಿಲ್ಲ. ಮತ್ತೆ ಹೋದ ದಿನ ಅಮ್ಮಾವ್ರ ಮನಸ್ಸಿನಲ್ಲಿ ಏನಿತ್ತೋ, ನಾನು ಬಾಯಿ ತೆರೆಯುವ ಮೊದಲೇ, "ನಿನಗೆ ಅಷ್ಟು ಆಸೆಯಿದ್ರೆ ಕೊಟ್ಟು ನೋಡಮ್ಮ," ಎಂದು ತಾವೇ ಒಂದು ಮೊರ ಇಳಿಸಿ, ಸೆರಗಿನಿಂದ ಒರೆಸಿ ಕೊಟ್ಟರು. ರೇಷನ್ ಅಕ್ಕಿ ಒಂದಿಷ್ಟು ಸುರಿದೆ. ಕಲ್ಲಿಗೇನೂ ಬರವಿರಲಿಲ್ಲ ಅದರಲ್ಲಿ. ಕುರ್ಚಿಯಲ್ಲಿ ಕೂತಿದ್ದ ಅತ್ತೆಯ ಮಡಿಲಲ್ಲಿ ಮೊರ ಇಟ್ಟು, "ಕೇರು ಅತ್ತೆ," ಎಂದೆ.

ಅತ್ತೆ ಅಕ್ಕಿಯನ್ನು ನೋಡಿದಳು. ಆಮೇಲೆ ಎರಡೂ ಕೈಗಳನ್ನು ತಾನಾಗಿಯೇ ಎತ್ತಿ ಕುರ್ಚಿಯ ತೋಳುಗಳ ಮೇಲೆ ಇಟ್ಟಳು, ಕಟ್ಟಲು ಅನುಕೂಲವಾಗುವ ಹಾಗೆ. ಇಟ್ಟು, ಬಾಯಿ ತೆರೆದಳು.

"ನೋಡ್ದ್ಯಾ, ಎಷ್ಟು ಒಳ್ಳೇ ಹುಡುಗಿ ಆಗಿದಾಳೆ!" ಎಂದರು ಅಮ್ಮಾವ್ರು. ಅವರ ಮುಖದಲ್ಲಿ ನಿಜವಾದ ಹೆಮ್ಮೆಯಿತ್ತು.

ಅತ್ತೆ ಹೋದದ್ದು ಅದಾದ ಮೇಲೆ ಬಂದ ಚಳಿಗಾಲದಲ್ಲಿ. ಅಮ್ಮಾವ್ರು ಹೆತ್ತವರ ಹಾಗೆ ಗೋಳಾಡಿದರು. ಈಗ ಅವರೂ ಇಲ್ಲ, ಆ ಹೆಂಚಿನ ಮನೆಯೂ ಇಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನನಗಿದೆ, ಏನು ಮಾಡಲಿ? ಅಷ್ಟು ಒಳ್ಳೆಯವರಾಗಿಯೂ ಅವರಿಗೆ ಇಷ್ಟು ಚಿಕ್ಕದೊಂದು ಕಾಣಲಿಲ್ಲವಲ್ಲ...

ಸೊಸೆ ಕೆಲಸಕ್ಕೆ ಹೋದ ಮೇಲೆ ಗೋಡೆಯ ಮೊರ ಇಳಿಸಿ, ಒಂದು ಪಾವು ಅಕ್ಕಿ ಹಾಕಿಕೊಂಡು ಕೂತೆ. ತೋಳು ನೋಯುವವರೆಗೆ ಕೇರಿದೆ. ಈಗಿನ ಅಕ್ಕಿಯಲ್ಲಿ ಒಂದು ಕಲ್ಲೂ ಇರುವುದಿಲ್ಲ.