ಮೊಮ್ಮಗಳು ಹಾಸಿಗೆ ಒದ್ದೆ ಮಾಡುತ್ತಿದ್ದ ವರ್ಷ

ನನ್ನ ಮೊಮ್ಮಗಳು ಈಗ ಸ್ಕೂಟಿ ಮೇಲೆ ಕಾಲೇಜಿಗೆ ಹೋಗುತ್ತಾಳೆ. ಇದನ್ನೆಲ್ಲ ಬರೆಯಲೇ ಎಂದು ಅವಳನ್ನೇ ಕೇಳಿದೆ. ಬರಿ, ನನ್ನ ಹೆಸರು ಮಾತ್ರ ಹಾಕಬೇಡ ಎಂದಳು. ಯಾರ ಹೆಸರೂ ಹಾಕುವುದಿಲ್ಲ. ನಾನು ಸಾಲೆ ಕಲಿತದ್ದು ಕಡಿಮೆ, ತಪ್ಪಿದ್ದಲ್ಲಿ ಅವಳೇ ತಿದ್ದಲಿ.

ಆಗ ಅವಳಿಗೆ ಆರು ತುಂಬಿತ್ತು. ಬೀದರಿನ ಚಿದ್ರಿಯಲ್ಲಿ ನಮ್ಮ ಮನೆ. ಮಗ, ಸೊಸೆ, ಈ ಹುಡುಗಿ, ನಾನು. ಮಗಳು ಸಾಲೆಗೆ ಹೋಗುವಷ್ಟು ಬೆಳೆದಳೆಂದು ಮಗ ಅವಳಿಗೊಂದು ಮಂಚ ತಂದ, ಮೇಲೆ ಫೋಮಿನ ಗಾದಿ. ಆ ಗಾದಿ ದಿನಾ ಬೆಳಿಗ್ಗೆ ಒದ್ದೆ. ಫೋಮು ನೀರು ಕುಡಿಯುತ್ತದೆ, ಬಿಡುವುದಿಲ್ಲ. ಇಬ್ಬರು ಹಿಡಿದು ಮಾಳಿಗೆಗೆ ಹೊತ್ತು ಹಾಕಿದರೂ ಸಂಜೆಗೆ ಒಳಗೆ ಹಸಿಯೇ. ಸೊಸೆ ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿ ಮಾಡಿ ಸೋತು ಬರುವವಳು. ಪಾಪ, ಹೊಡೆಯಲಿಲ್ಲ. ಚಾದರದ ಕೆಳಗೆ ಪ್ಲಾಸ್ಟಿಕ್ ಹಾಸಿದಳು. ಮಗ್ಗಲು ಬದಲಿಸಿದರೆ ಅದು ಚರ ಚರ ಅನ್ನುವುದು. ಆ ಸಪ್ಪಳ ಕೇಳಿದರೆ ಸಾಕು, ಹುಡುಗಿಗೆ ತನ್ನ ಒದ್ದೆ ಹಾಸಿಗೆಯ ಸುದ್ದಿ ನೆನಪಾಗುತ್ತಿತ್ತು.

ನಾನು ಹುಟ್ಟಿದ್ದು ಎಕಂಬಾದಲ್ಲಿ. ನಾವು ಐದು ಮಂದಿ ಮಕ್ಕಳು ಒಂದೇ ಕೌದಿಯಲ್ಲಿ ಮಲಗುತ್ತಿದ್ದೆವು. ಹಳೆಯ ಸೀರೆ, ಧೋತರ ಒಂದರ ಮೇಲೊಂದು ಇಟ್ಟು ನಮ್ಮವ್ವ ಹೊಲಿದದ್ದು. ಬೆಳಿಗ್ಗೆ ಒದ್ದೆ ಇದ್ದರೆ ಯಾರದು ಅಂತ ಅವ್ವ ಯಾವತ್ತೂ ಕೇಳಲಿಲ್ಲ. ಕೇಳಿದರೆ ತಾನೆ ಒಬ್ಬರು ಕಳ್ಳರಾಗುವುದು? ಹೊಲಕ್ಕೆ ಹೋಗುವ ಮುಂಚೆ ಒಗೆದು ಗೋಡೆಗೆ ಹಾಕಿ ಹೋಗುತ್ತಿದ್ದಳು, ಮಧ್ಯಾಹ್ನಕ್ಕೆ ಬಿಸಿಲಿನ ವಾಸನೆ ಹೊಡೆಯುತ್ತ ಒಣಗಿರುತ್ತಿತ್ತು. ಆ ವಾಸನೆಯಲ್ಲಿ ಮೂಗು ಇಟ್ಟು ಮಲಗಿದ್ದು ನನಗೆ ಇನ್ನೂ ನೆನಪಿದೆ. ಒಬ್ಬೊಬ್ಬರಿಗೆ ಒಂದೊಂದು ಮಂಚ ಬಂದ ಮೇಲೆ ಯಾರದು ಅಂತ ಕೇಳುವ ಅವಶ್ಯಕತೆಯೇ ಉಳಿಯಲಿಲ್ಲ.

ದೀಪಾವಳಿ ರಜೆಗೆ ಔರಾದಿನಲ್ಲಿರುವ ನನ್ನ ಮಗಳ ಮನೆಗೆ ಹೋದೆವು. ಅಲ್ಲಿಯೂ ಆಯಿತು. ಮಗಳ ಮಕ್ಕಳು ಬಿಡುತ್ತಾರೆಯೇ?

"ಎದ್ದೇಳ್ರೋ, ಮಾಂಜ್ರಾ ಹೊಳಿ ತುಂಬಿ ಬಂದದ!"

ನಾನು ದೊಡ್ಡವನ ಕಿವಿ ಹಿಂಡಿದೆ. ಅಷ್ಟೊತ್ತಿಗೆ ಮಾತು ಮನೆಯೆಲ್ಲ ತಿರುಗಿತ್ತು. ಅವತ್ತಿನಿಂದ ಇವಳು ಯಾರ ಮನೆಗೂ ಬರುವುದಿಲ್ಲ ಎಂದು ಕೂತಳು. ಬೇರೆ ಸಮಯವಾಗಿದ್ದರೆ ನಾನೂ ಬಿಡುತ್ತಿದ್ದೆ. ಆದರೆ ಬೇಸಿಗೆಗೆ ಭಾಲ್ಕಿಯಲ್ಲಿ ಅವಳ ಸೋದರಮಾವನ ಮದುವೆ ನಿಕ್ಕಿಯಾಗಿತ್ತು. ಆ ಮಾವನೆಂದರೆ ಅವಳಿಗೆ ಜೀವ. ಬಂದಾಗಲೆಲ್ಲ ಹೆಗಲ ಮೇಲೆ ಕೂರಿಸಿಕೊಂಡು ಚಿದ್ರಿ ತಿರುಗಿಸುತ್ತಿದ್ದ. ಮದುವೆಯಲ್ಲಿ ನನ್ನ ಬಾಜೂಕ ನೀನೇ ಕೂಡಬೇಕು ಎಂದು ಮಾತು ತೆಗೆದುಕೊಂಡಿದ್ದ. ಆಸೆಯಿಂದ ಫ್ರಾಕು ಆರಿಸುವಳು, ಮರುಗಳಿಗೆಗೆ ನಾ ಬರಲ್ಲ ಅನ್ನುವಳು. ಮದುವೆಮನೆಯಲ್ಲಿ ಹುಡುಗರನ್ನೆಲ್ಲ ಒಂದೇ ಜಮಖಾನೆಯ ಮೇಲೆ ಸಾಲಾಗಿ ಮಲಗಿಸುತ್ತಾರೆಂದು ಅವಳಿಗೆ ಗೊತ್ತಿತ್ತು.

ಎಳ್ಳು ಬೆಲ್ಲದ ಉಂಡೆ ತಿನ್ನಿಸಿರಿ ಎಂದರು. ತಿಂದಳು, ಇನ್ನೊಂದು ಬೇಡಿದಳು, ಹಾಸಿಗೆ ಇದ್ದ ಹಾಗೇ ಇತ್ತು. ತಾಯಿತ ಕಟ್ಟಿಸಿರಿ ಎಂದರು. ನಮ್ಮದು ಬುದ್ಧ ವಿಹಾರಕ್ಕೆ ಹೋಗುವ ಮನೆ, ತಾಯಿತ ಕಟ್ಟುವುದಿಲ್ಲ. ಸೊಸೆ ಡಾಕ್ಟರಿಗೆ ತೋರಿಸಿಕೊಂಡು ಬಂದಳು. ರೋಗ ಏನೂ ಇಲ್ಲ, ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ, ಬಯ್ಯಬೇಡಿ, ಹಗಲು ಚೆನ್ನಾಗಿ ನೀರು ಕುಡಿಯಲಿ, ಮಲಗುವ ಮುಂಚೆ ಕಳಿಸಿ ಎಂದರಂತೆ. ನನ್ನ ಮಗ ಮಾತ್ರ ತನ್ನದೇ ಡಾಕ್ಟರಿಕೆ ಮಾಡಿ ಸಂಜೆಯಾದ ಮೇಲೆ ಅವಳಿಗೆ ನೀರು ಬಂದ್ ಮಾಡಿದ. ಅವಳು ಬಚ್ಚಲ ಮೋರಿಯಲ್ಲಿ ಮುಖ ತೊಳೆಯುವ ನೆಪದಲ್ಲಿ ನಲ್ಲಿಗೆ ಬಾಯಿ ಹಚ್ಚಿ ಕುಡಿಯುತ್ತಿದ್ದಳು.

ನಾನು ಮಾಡಿದ್ದು ಇಷ್ಟು. ಪ್ಲಾಸ್ಟಿಕ್ ಕಿತ್ತು ಬಿಸಾಕಿ, ಅವಳನ್ನು ಮಂಚದಿಂದ ಇಳಿಸಿ, ನೆಲದ ಮೇಲೆ ನನ್ನ ಮಗ್ಗಲಿಗೆ ಕೌದಿ ಹಾಸಿ ಮಲಗಿಸಿಕೊಂಡೆ. ಒದ್ದೆಯಾದರೆ ಒಗೆದು ಮುಂದಿನ ಗೋಡೆಗೇ ಹಾಕುತ್ತಿದ್ದೆ. ಸೊಸೆಗೆ ಸಂಕೋಚ. ಹಿಂದುಗಡೆ ಹಾಕ್ರಿ ಅತ್ತಿ, ಮಂದಿ ನೋಡತಾರ ಎಂದಳು. ಹಿಂದುಗಡೆ ಬಿಸಿಲಿಲ್ಲ ಎಂದೆ. ಮಂದಿ ನೋಡಿದರು ಕೂಡ. ಎದುರುಮನೆಯವಳು ಗೇಟಿನಲ್ಲಿ ನಿಂತು, ನನ್ನ ಮೊಮ್ಮಗಳ ಕಡೆ ಕಣ್ಣು ಹೊಡೆದು, ಇವತ್ತೂ ಆಯ್ತೇನ್ರಿ ಎಂದಳು.

"ಹೌದವ್ವ, ನಾನೇ ಮಾಡೀನಿ. ವಯಸ್ಸಾಗ್ಯಾದ. ನಿನ್ನವೂ ಇದ್ರ ತಾ, ಕೂಡೇ ಒಗದ ಹಾಕ್ತೇನಿ."

ಅವಳು ಒಳಗೆ ಹೋದಳು. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಔರಾದಿನಿಂದ ಬಂದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ಒಂದು ದಿನ ಸಾಲೆಯಿಂದ ಬಂದವಳ ಬ್ಯಾಗು ಎತ್ತಿಡಲು ಹೋದೆ. ಕೈ ಜಗ್ಗಿತು. ನೀರಿನ ಬಾಟ್ಲಿ ಬೆಳಿಗ್ಗೆ ತುಂಬಿಸಿಕೊಟ್ಟ ಹಾಗೇ ಇತ್ತು. ಯಾಕೆ ಕುಡಿದಿಲ್ಲ ಎಂದು ಕೇಳಿದೆ.

"ಕುಡದ್ರ ಏಕಿ ಬರ್ತದ."

"ಬಂದ್ರ ಹೋಗು. ಸಾಲ್ಯಾಗ ಸಂಡಾಸ ಇಲ್ಲೇನು?"

"ಚಿಲಕ ಮ್ಯಾಲ ಅದ ಆಯಿ, ನನ್ನ ಕೈಗಿ ಸಿಗಲ್ಲ. ಹುಡುಗ್ರು ಬಾಗಲ ದಬ್ಬತಾರ."

ಹಗಲೆಲ್ಲ ಬಾಯಿ ಒಣಗಿಸಿಕೊಂಡು, ಬಿಗಿಹಿಡಿದು ಕೂತು, ಮನೆಗೆ ಬಂದು ಇಡೀ ದಿನದ ನೀರು ಸಂಜೆಗೇ ಕುಡಿದರೆ ರಾತ್ರಿ ಅದು ಎಲ್ಲಿ ಹೋಗಬೇಕು?

ಮರುದಿನ ನಾನೇ ಸಾಲೆಗೆ ಹೋದೆ. ಟೀಚರು ಸಣ್ಣ ಪ್ರಾಯದವಳು. ಚಿಲಕ ಇದೆಯಲ್ಲರಿ ಅಮ್ಮಾ ಎಂದು ತೋರಿಸಿದಳು. ಇತ್ತು, ದೊಡ್ಡವರ ಎದೆಮಟ್ಟಕ್ಕಿಂತ ಮೇಲೆ. ನೀವು ಮೊಣಕಾಲ ಮೇಲೆ ಕೂತು ಹಾಕಿ ತೋರಿಸ್ರಿ ಎಂದೆ. ಅವಳು ಒಳ್ಳೆಯ ಹುಡುಗಿ, ಸಿಟ್ಟಾಗಲಿಲ್ಲ, ನಕ್ಕಳು. ಅದೇ ವಾರ ಕೆಳಗೊಂದು ಚಿಲಕ ಹಾಕಿಸಿದಳು. ಎರಡನೆಯ ಪಿರಿಯಡಿಗೊಮ್ಮೆ, ಊಟದ ನಂತರ ಒಮ್ಮೆ ಎಲ್ಲ ಹುಡುಗಿಯರನ್ನೂ ಕಳಿಸುತ್ತಿದ್ದಳು, ಇವಳೊಬ್ಬಳನ್ನೇ ಅಲ್ಲ. ಅದು ನಾನು ಹೇಳಿಕೊಟ್ಟದ್ದಲ್ಲ, ಅವಳಿಗೇ ಹೊಳೆದದ್ದು.

ಬಾಟ್ಲಿ ಖಾಲಿ ಬರತೊಡಗಿತು. ಹಾಸಿಗೆ ಮಾತ್ರ ಅಷ್ಟು ಬೇಗ ಕೇಳಲಿಲ್ಲ. ನಾಲ್ಕು ದಿನ ಒಣಗಿದ್ದರೆ ಐದನೆಯ ದಿನ ಮತ್ತೆ ಒದ್ದೆ. ಮಗ ಗೊಣಗುತ್ತಿದ್ದ. ಸುಮ್ಮನಿರು, ನೀನು ಎಷ್ಟು ವರ್ಷಕ್ಕೆ ಇದನ್ನ ಬಿಟ್ಟಿ ಅಂತ ನಿನ್ನ ಹೆಂಡತಿಗೆ ಹೇಳಲೇನು ಎಂದು ನಾನು ಅಂದ ಮೇಲೆ ಗೊಣಗುವುದು ಬಿಟ್ಟ. ಚಳಿ ಹೋಯಿತು. ಒದ್ದೆಯ ದಿನಗಳು ದೂರ ದೂರವಾದವು. ಆದರೂ ಮದುವೆಗೆ ಬರುತ್ತೇನೆಂದು ಅವಳ ಬಾಯಿಂದ ಬರಲಿಲ್ಲ. ನಾನು ಒತ್ತಾಯಿಸಲಿಲ್ಲ. ಹೊರಡುವ ದಿನ ನೋಡಿದರೆ ಫ್ರಾಕು ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ನನಗೇ ಅವಸರ ಮಾಡುತ್ತ ಬಾಗಿಲಲ್ಲಿ ನಿಂತಿದ್ದಳು.

ಭಾಲ್ಕಿಯಲ್ಲಿ ಊಟವಾದ ಮೇಲೆ ಜಮಖಾನೆ ಹಾಸಿದರು. ನಾನು ಮೂಲೆಯಲ್ಲಿ ನನ್ನ ಮಗ್ಗಲಿಗೆ ಜಾಗ ಬಿಟ್ಟು ಕರೆದೆ. ಅವಳು ಆ ಹುಡುಗರ ಸಾಲು ನೋಡಿದಳು, ನನ್ನನ್ನು ನೋಡಿದಳು.

"ನೀ ಮಲ್ಕೊ ಆಯಿ. ನಾ ಅವ್ರ ಜೋಡಿ ಮಲ್ಕೋತೇನಿ."

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಸಾಲಾಗಿ ಬಿದ್ದ ಕೈಕಾಲು ದಾಟಿಕೊಂಡು ಅವಳ ಹತ್ತಿರ ಹೋದೆ. ಬಗ್ಗಿ ಚಾದರದ ಕೆಳಗೆ ಕೈ ಹಾಕಿದೆ. ಅವಳು ಕಣ್ಣೇ ತೆಗೆಯಲಿಲ್ಲ.

"ಕೈ ತಗಿ ಆಯಿ, ಒಣಾ ಅದ."

ತೆಗೆದೆ. ಆಮೇಲೆ ಮನೆಯಲ್ಲಿ ಒಂದೆರಡು ಸಲ ಆಯಿತು, ಅವಳೇ ಎದ್ದು ಚಾದರ ಬದಲಿಸಿಕೊಂಡಳು, ಯಾರನ್ನೂ ಕರೆಯಲಿಲ್ಲ. ಭಾಲ್ಕಿಯಿಂದ ಬಂದವಳು ತನ್ನ ಮಂಚಕ್ಕೆ ಹೋದಳು. ಮುಂದಿನ ಚಳಿಗಾಲದಲ್ಲಿ ಒಮ್ಮೆ, ನನ್ನ ಮಗ್ಗಲಿಗೆ ಬರ್ತಿಯೇನು ಎಂದು ನಾನೇ ಕರೆದೆ. ನೀನು ಗೊರಕೆ ಹೊಡೆಯುತ್ತಿ ಎಂದಳು. ಹೊಡೆಯುತ್ತೇನೆ, ಸುಳ್ಳಲ್ಲ.