ಸೋಡಾ ಅಂಗಡಿಯ ಬೆಳ್ಳಿ ಕರಡಿಗೆ

ಹೋದ ಮಳೆಗಾಲದಲ್ಲಿ ಸೊಸೆ ಬೆಲ್ಲದ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ಬಿಟ್ಟಿದ್ದಳು. ಬೆಲ್ಲ ನೀರು ಬಿಟ್ಟು, ಮೇಲೆ ನೊರೆ ಕಟ್ಟಿ, ಅಡುಗೆಮನೆಯ ತುಂಬ ಹುಳಿ ವಾಸನೆ. ಚೆಲ್ಲಿಬಿಡಲೇ ಎಂದು ಆಕೆ ಎರಡು ಸಲ ಕೇಳಿದಳು. ನಾನು ಆ ವಾಸನೆ ಎಳೆದುಕೊಳ್ಳುತ್ತ ಡಬ್ಬಿಯ ಮುಂದೆ ನಿಂತೇ ಇದ್ದೆ. ಮುದುಕಿಗೆ ಅರಳುಮರಳು ಎಂದುಕೊಂಡಿರಬೇಕು ಪಾಪ.

ಕೊಲ್ಹಾಪುರದಲ್ಲಿ ಬೆಲ್ಲದ ಪೇಟೆಯ ಹಿಂದಿನ ನಮ್ಮ ಓಣಿಗೆ ಇದೇ ವಾಸನೆ ಇತ್ತು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಪ್ಪನದು ರೈತರ ಬೆಲ್ಲವನ್ನು ದಲಾಲಿಗೆ ಮಾರಿಕೊಡುವ ಅಡತಿ ಅಂಗಡಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಓಣಿಯಲ್ಲಿ ಚಪ್ಪಲಿ ಹೊಲಿಯುವವರ ಎರಡು ಅಂಗಡಿ, ಒಂದು ತಂಬಾಕಿನದು, ಒಂದು ಖಾನಾವಳಿ, ಪೈಲವಾನರಿಗೆ ಕಣ್ಣೆದುರೇ ಎಮ್ಮೆ ಕರೆದು ಹಾಲು ಕೊಡುವ ಒಂದು ಕಟ್ಟೆ. ನನ್ನ ವಾರಗೆಯವರು ಇದ್ದಷ್ಟು ದಿನ ಆ ಓಣಿಯನ್ನು ನೆನೆದು ಬಾಯಿ ಚಪ್ಪರಿಸುತ್ತಿದ್ದರು. ಎಂಥ ಜನ, ಎಂಥ ಕಾಲ ಅನ್ನುತ್ತಿದ್ದರು. ನನ್ನ ಬಾಯಿ ಮಾತ್ರ ಕಹಿಯಾಗುತ್ತಿತ್ತು. ಎಂಥ ಜನ ಎನ್ನುವುದು ನನಗೆ ಚೆನ್ನಾಗಿ ಗೊತ್ತು, ನಾನೂ ಅವರಲ್ಲಿ ಒಬ್ಬಳು.

ನಮ್ಮ ಮನೆಯ ಎದುರಿಗೇ ಸೋಡಾ ಕಾಕಾನ ಅಂಗಡಿ. ಮುಂದೆ ಗೋಲಿ ಸೋಡಾ, ನಿಂಬೆಹಣ್ಣು, ಉಪ್ಪಿನ ಬಟ್ಟಲು. ಹಿಂದೆ ಗೋಣಿತಟ್ಟಿನ ಪರದೆ, ಅದರಾಚೆ ಒಂದು ಖೋಲಿ, ಖೋಲಿಯಲ್ಲಿ ಎರಡು ಬೆಂಚು. ಆಗ ದಾರೂಬಂದಿಯ ಕಾಯ್ದೆ ಇತ್ತು, ಕುಡಿಯುವುದೂ ಕುಡಿಸುವುದೂ ಎರಡೂ ಗುನ್ಹೆ. ಬಾರು ಎಂಬ ಬೋರ್ಡು ಊರಲ್ಲೆಲ್ಲೂ ಇರಲಿಲ್ಲ, ಇದ್ದವೆಲ್ಲ ಇಂಥ ಪರದೆಯ ಹಿಂದಿನ ಖೋಲಿಗಳೇ. ಕೊಳೆಸಿದ ಬೆಲ್ಲದಿಂದ ಇಳಿಸಿದ ಸರಾಯಿ ಹಳ್ಳಿಗಳ ಕಡೆಯಿಂದ ಸೈಕಲ್ಲಿನ ಟ್ಯೂಬುಗಳಲ್ಲಿ ಬರುತ್ತಿತ್ತು. ಪೇಟೆಯವರು ಮಾರಿದ ಬೆಲ್ಲ ಸುತ್ತು ಹಾಕಿ ಪೇಟೆಯವರ ಗಂಟಲಿಗೇ ಬಂದು ಬೀಳುತ್ತಿತ್ತು ಅನ್ನಿ.

ಕಾಕಾ ಸ್ವತಃ ಒಂದು ಹನಿ ಮುಟ್ಟಿದವರಲ್ಲ. ನಮ್ಮ ಹಾಗೇ ಲಿಂಗಾಯತರು, ಗಡಹಿಂಗ್ಲಜ ಕಡೆಯ ಬಡ ಮನೆಯವರು, ಹೊಟ್ಟೆಪಾಡಿಗೆ ಈ ಕೆಲಸಕ್ಕೆ ಬಿದ್ದಿದ್ದರು. ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ. ಚಿಕ್ಕಂದಿನಲ್ಲಿ ನನ್ನ ಜಡೆ ಹೆಣೆದವರು ಕಾಕಾನ ಹೆಂಡತಿ, ನಮ್ಮ ಕಾಕು. ನನ್ನವ್ವನಿಗೆ ಅಷ್ಟು ತಾಳ್ಮೆ ಎಲ್ಲಿತ್ತು! ನಾನು ಹದಿನೇಳರಲ್ಲಿದ್ದಾಗ ಕಾಕು ತೀರಿಕೊಂಡರು. ಆಮೇಲೆ ಕಾಕಾ ಒಬ್ಬರೇ ಅಲ್ಲಿ ಬೇಯಿಸಿಕೊಂಡು ತಿನ್ನುತ್ತಿದ್ದರು.

ಆ ಅಂಗಡಿಯಲ್ಲಿ ಒಂದು ರಿವಾಜು ಇತ್ತು. ನಮ್ಮವರು ಕೊರಳಲ್ಲಿ ಸದಾ ಇಷ್ಟಲಿಂಗ ಕಟ್ಟಿಕೊಂಡಿರಬೇಕು. ಅದನ್ನು ಇಡುವ ಬೆಳ್ಳಿಯ ಭರಣಿಗೆ ಕರಡಿಗೆ ಎನ್ನುತ್ತಾರೆ. ಎದೆಯ ಮೇಲೆ ಲಿಂಗ ಇಟ್ಟುಕೊಂಡು ಸರಾಯಿ ಕುಡಿಯುವುದಕ್ಕೆ ಯಾರಿಗೂ ಧೈರ್ಯವಿರಲಿಲ್ಲ, ಬಿಡುವುದಕ್ಕೂ ಮನಸ್ಸಿರಲಿಲ್ಲ. ಹಾಗಾಗಿ ಕಾಕಾ ಗೋಡೆಯ ಮಾಡದಲ್ಲಿ ಸಾಗವಾನಿಯ ಒಂದು ಪೆಟ್ಟಿಗೆ ಇಟ್ಟಿದ್ದರು. ಒಳಗೆ ವಿಭೂತಿ ಹಾಸಿದ ಬಿಳಿ ಅರಿವೆ. ನಮ್ಮ ದೊಡ್ಡ ಮನುಷ್ಯರು ಬಂದು ಕರಡಿಗೆ ಬಿಚ್ಚಿ ಕೊಡುವರು. ಕಾಕಾ ಕೈ ತೊಳೆದು, ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿ ಪೆಟ್ಟಿಗೆಯಲ್ಲಿ ಇಡುವರು. ಆಮೇಲೆ ಇವರು ಪರದೆ ಸರಿಸಿ ಒಳಗೆ ಹೋಗುವರು. ದೇವರನ್ನು ಹೊರಗೆ ಕೂಡಿಸಿ ಒಳಗೆ ಕುಡಿಯುವ ಈ ಜಾಣತನಕ್ಕೆ ನಗಬೇಕೋ ಅಳಬೇಕೋ... ನನ್ನಪ್ಪ ವಾರಕ್ಕೆ ಎರಡು ಸಲ ಹೋಗುತ್ತಿದ್ದ. ನಮ್ಮ ಮಾಳಿಗೆಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಅವ್ವನಿಗೂ ಗೊತ್ತಿತ್ತು, ಕಂಡೂ ಕಾಣದ ಹಾಗೆ ಇರುತ್ತಿದ್ದಳು.

ನನಗೆ ಹತ್ತೊಂಬತ್ತಾಗಿತ್ತು. ಇಚಲಕರಂಜಿಯ ಮಗ್ಗದ ವ್ಯಾಪಾರಸ್ಥರ ಮನೆಯಿಂದ ಸಂಬಂಧ ಬಂದಿತ್ತು. ಆಚಾರವಂತರು, ಕುಡಿತದ ಮನೆಯ ನೀರನ್ನೂ ಮುಟ್ಟದವರು ಎಂದು ಹೆಸರಾದವರು. ಹೆಣ್ಣು ನೋಡಲು ಬರುವುದಕ್ಕೆ ಇನ್ನು ಎಂಟು ದಿನ ಇತ್ತು. ಅಂಥ ಹೊತ್ತಿನಲ್ಲೂ ಅಪ್ಪನಿಗೆ ತಡೆಯಲಾಗಲಿಲ್ಲ. ಸಂತೆಯ ದಿನ ಮಧ್ಯಾಹ್ನ, ಹಾಡುಹಗಲೇ, ಪರದೆಯ ಹಿಂದೆ ಹೋದ.

ಆವತ್ತೇ ಪೊಲೀಸರು ಬಂದರು. ಅಪ್ಪ ಹಿತ್ತಲ ಗೋಡೆ ಹಾರಿದ. ಅಷ್ಟು ಮೈ ಇದ್ದ ಮನುಷ್ಯ ಅದು ಹೇಗೆ ಹಾರಿದನೋ, ಧೋತರದ ಅರ್ಧ ಚುಂಗು ಗೋಡೆಯ ಗಾಜಿಗೆ ಸಿಕ್ಕಿಕೊಂಡಿತ್ತು. ಕರಡಿಗೆ ಮಾತ್ರ ಪೆಟ್ಟಿಗೆಯಲ್ಲೇ ಉಳಿಯಿತು.

ಫೌಜದಾರ ಸಾತಾರದ ಕಡೆಯವನು, ನಮ್ಮ ರೀತಿ ರಿವಾಜು ತಿಳಿಯದವನು. ಟ್ಯೂಬು, ಬಾಟಲಿ ಎಲ್ಲ ಹೊರಗೆ ತರಿಸಿದ. ಮಾಡದ ಪೆಟ್ಟಿಗೆ ತೆಗೆದು, ಕರಡಿಗೆಯನ್ನು ಬಿಸಿಲಿಗೆ ಎತ್ತಿ ಹಿಡಿದು, “ಹೀ ಡಬ್ಬೀ ಕುಣಾಚೀ?” ಎಂದು ಕೇಳಿದ. ಡಬ್ಬಿ ಯಾರದು ಎಂದು ಗೊತ್ತಾದರೆ ಕುಡಿದು ಓಡಿದವನು ಯಾರು ಎನ್ನುವುದೂ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಓಣಿಯ ಜನವೆಲ್ಲ ಸೇರಿತ್ತು, ಅದರಲ್ಲಿ ಅರ್ಧ ನಮ್ಮವರೇ. ನನ್ನದೇ ಎನ್ನಲು ಕಾಕಾಗೆ ಬರುವಂತಿರಲಿಲ್ಲ, ಅವರ ಲಿಂಗ ಅವರ ಬರಿ ಎದೆಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಅವರು ತಲೆ ಎತ್ತಿ ಒಮ್ಮೆ ನಮ್ಮ ಕಿಟಕಿಯ ಕಡೆ ನೋಡಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ.

“ಮಾಝ್ಯಾ ಬಾಯಕೋಚೀ, ಸಾಹೇಬ. ವಾರಲೀ ತೀ.”

ನನ್ನ ಹೆಂಡತಿಯದು, ಆಕೆ ಸತ್ತುಹೋದಳು, ಎಂದರು. ಫೌಜದಾರನಿಗೆ ಇದರಲ್ಲಿ ಏನೂ ಅನಿಸಲಿಲ್ಲ. ಸತ್ತ ಹೆಂಡತಿಯ ಗುರುತು ಎಂದುಕೊಂಡು ಕರಡಿಗೆಯನ್ನು ಕಾಕಾನ ಕೈಗೇ ಹಾಕಿ, ಅವರನ್ನು ಎಳೆದುಕೊಂಡು ನಡೆದ. ನಮ್ಮ ಜನರ ಗುಂಪು ಮಾತ್ರ ಒಮ್ಮೆಲೇ ಸುಮ್ಮನಾಯಿತು.

ಯಾಕೆಂದು ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿಯಲ್ಲಿ ಕೂಡಿಸಿ, ಎಡಗೈಯಲ್ಲಿ ಅವರ ಲಿಂಗ ಇಟ್ಟು, ವಿಭೂತಿ ತುಂಬಿ ಮಣ್ಣು ಕೊಡುತ್ತಾರೆ. ಆ ಲಿಂಗ ಅವರ ಜೊತೆಗೇ ಹೋಗಬೇಕು. ಹೆಂಡತಿಯ ಲಿಂಗ ಗಂಡನ ಪೆಟ್ಟಿಗೆಯಲ್ಲಿ ಇದೆ ಎಂದರೆ, ಹೆಣದ ಕೈಯಿಂದ ಅದನ್ನು ಕಿತ್ತುಕೊಂಡಿದ್ದಾನೆ ಎಂದೇ ಅರ್ಥ. ಕಾಕುವನ್ನು ಮಣ್ಣು ಮಾಡುವಾಗ ಕುಣಿಗೆ ಇಳಿದು ಕೂಡಿಸಿದವರು ಕಾಕಾನೇ. ಮೇಲೆ ಬಾ ಎಂದು ನಾಲ್ಕು ಸಲ ಕರೆದರೂ ಹೆಂಡತಿಯ ಕೈ ಬಿಟ್ಟು ಬರಲಿಲ್ಲವಂತೆ. ಅದನ್ನು ಹೇಳಿಕೊಂಡು ಓಣಿಯ ಹೆಂಗಸರು ಆಗ ಕಣ್ಣೀರು ಹಾಕಿದ್ದರು. ಈಗ ಅದೇ ಬಾಯಿಗಳು, ಹೌದಲ್ಲ, ಅಷ್ಟೊತ್ತು ಕುಣಿಯಲ್ಲಿ ಇದ್ದದ್ದು ಇದಕ್ಕೇ, ಬೆಳ್ಳಿಯ ಆಸೆಗೆ ಎಂದವು. ಕಾಕುಗೆ ಬೆಳ್ಳಿಯ ಕರಡಿಗೆ ಎಲ್ಲಿತ್ತು? ಜೀವಮಾನವಿಡೀ ಅರಿವೆಯಲ್ಲಿ ಸುತ್ತಿ ಕಟ್ಟಿಕೊಂಡವರು. ಅದು ಅವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದದ್ದು ಯಾರಿಗೆ ಬೇಕು!

ಎರಡು ದಿನ ಅಪ್ಪ ಹೊಟ್ಟೆ ಸರಿಯಿಲ್ಲ ಎಂದು ಮಲಗಿದ. ಲಿಂಗವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ಅಷ್ಟು ನೇಮಸ್ಥ! ಮೂರನೆಯ ದಿನ ಕಾಕಾ ಜಾಮೀನಿನ ಮೇಲೆ ಬಂದರು. ಸ್ನಾನ ಮಾಡಿ, ಹಿತ್ತಲ ಬಾಗಿಲಿಗೆ ಬಂದು ನನ್ನನ್ನು ಕರೆದರು. ಒದ್ದೆ ಅರಿವೆಯಲ್ಲಿ ಸುತ್ತಿದ ಕರಡಿಗೆ ನನ್ನ ಸೆರಗಿಗೆ ಹಾಕಿದರು.

“ಅಪ್ಪಾರಿಗೆ ಕೊಡವಾ ತಂಗಿ. ಎರಡ ದಿನಾ ಆತು, ಉಪವಾಸ ಇದ್ದಿರಬೇಕ ಅವರು.”

ಹೀಗೆ ಯಾಕೆ ಹೇಳಿದಿರಿ, ಜನ ಏನೇನೋ ಆಡುತ್ತಿದ್ದಾರೆ ಎಂದೆ.

“ಮತ್ತೇನ್ ಹೇಳಲಿ? ಆ ಹೊತ್ತಿನ್ಯಾಗ ಅದ ಬಾಯಿಗೆ ಬಂತು. ನಿನ್ನ ಅಕ್ಕಿಕಾಳ ಬೀಳೂತನಕ ಸುಮ್ನಿರು. ಆಮ್ಯಾಲ ಅಪ್ಪಾರ ಎಲ್ಲಾರ ಮುಂದ ಹೇಳ್ತಾರ.”

ನನ್ನ ಮದುವೆಯಾದ ಮೇಲೆ ಅಪ್ಪ ನಿಜ ಹೇಳುತ್ತಾನೆ, ತಮ್ಮ ಹೆಸರಿಗೆ ಹತ್ತಿದ ಕಳಂಕ ತೊಳೆದುಹೋಗುತ್ತದೆ ಎಂದು ಆ ಮನುಷ್ಯ ನಂಬಿದ್ದರು. ಅಪ್ಪ ಲಿಂಗ ಕಟ್ಟಿಕೊಂಡ, ಎಂದಿಗಿಂತ ಹೆಚ್ಚು ಹೊತ್ತು ಪೂಜೆ ಮಾಡಿದ, ನಾಲ್ಕು ರೊಟ್ಟಿ ಉಂಡ.

ಆ ವಾರವೇ ಓಣಿಯ ಗುಡಿಯಲ್ಲಿ ಹಿರಿಯರು ಕೂಡಿದರು. ಹಿರಿಯರಲ್ಲಿ ಅಪ್ಪನೂ ಒಬ್ಬ. ನಾವು ಹೆಂಗಸರು ಕಂಬದ ಹಿಂದೆ. ಸರಾಯಿಯ ಮಾತನ್ನು ಒಬ್ಬರೂ ಎತ್ತಲಿಲ್ಲ, ಹೇಗೆ ಎತ್ತಿಯಾರು? ಲಿಂಗದ ಮಾತು ಖರೆಯೇನು ಎಂದು ಮಾತ್ರ ಕೇಳಿದರು. ಕಾಕಾ ಅಪ್ಪನ ಮುಖವನ್ನೊಮ್ಮೆ ನೋಡಿದರು. ಅಪ್ಪ ನೆಲ ನೋಡುತ್ತಿದ್ದ.

“ಫೌಜದಾರಗ ಏನ್ ಹೇಳೇನಿ ಅದ ಖರೇರಿ,” ಎಂದರು ಕಾಕಾ.

ಅವರ ಮನೆಯಲ್ಲಿ ಯಾರೂ ನೀರು ಕುಡಿಯಬಾರದು, ಪೂಜೆ ಮಾಡುವ ಅಯ್ಯನವರು ಅವರ ಹೊಸ್ತಿಲು ತುಳಿಯಬಾರದು ಎಂದು ತೀರ್ಮಾನವಾಯಿತು. ಅದನ್ನು ಎದ್ದು ನಿಂತು ಹೇಳಿದವನು ನನ್ನಪ್ಪ. ಥೂ! ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಆದರೆ ಆವತ್ತು ನಾನೂ ಕಂಬದ ಹಿಂದೆ ಕಂಬವಾಗಿಯೇ ನಿಂತೆ. ಒಂದು ಮಾತು ಆಡಿದ್ದರೆ ಸಂಬಂಧ ಮುರಿಯುತ್ತಿತ್ತು. ನನಗೆ ಮದುವೆ ಬೇಕಾಗಿತ್ತು.

ಮದುವೆಯಾಯಿತು. ನಮ್ಮ ಮೆರವಣಿಗೆ ಹೋಗುವ ಹೊತ್ತಿಗೆ ಕಾಕಾ ತಾವಾಗಿಯೇ ಅಂಗಡಿಯ ಹಲಗೆ ಮುಚ್ಚಿದ್ದರು, ತಮ್ಮ ಮುಖ ಅಡ್ಡ ಬರಬಾರದೆಂದು. ಆಮೇಲೆ ಕೋರ್ಟಿನಲ್ಲಿ ಒಂದು ತಿಂಗಳ ಸಜೆಯಾಯಿತಂತೆ. ನಾನು ಇಚಲಕರಂಜಿಯಲ್ಲಿದ್ದೆ. ಹಗಲೆಲ್ಲ ಮಗ್ಗದ ಸದ್ದು, ಆ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ, ಒಳ್ಳೆಯದೇ ಆಯಿತು.

ದೀಪಾವಳಿಗೆ ತವರಿಗೆ ಹೋದಾಗ ಅಪ್ಪನನ್ನು ಕೇಳಿದೆ. “ನಿನ್ನ ತಂಗೀದು ಒಂದ ಆಗಲಿ ತಡಿ,” ಎಂದ. ತಂಗಿಯದಾಯಿತು. ತಮ್ಮನದಾಗಲಿ ಎಂದ. ತಮ್ಮನದೂ ಆಯಿತು. ಆಮೇಲೆ ಹಳೇದನ್ನು ಕೆದರಬೇಡ ಎಂದು ಸಿಡುಕಿದ. ಅಷ್ಟರಲ್ಲಿ ಸೋಡಾ ಅಂಗಡಿ ಇದ್ದ ಜಾಗದಲ್ಲಿ ಹೇರ್ ಕಟಿಂಗ್ ಸಲೂನು ಬಂದಿತ್ತು. ಕಾಕಾ ಗಡಹಿಂಗ್ಲಜಕ್ಕೆ, ಅಣ್ಣನ ಮಗನ ಮನೆಗೆ ಹೋದರು ಎಂದರು.

ಒಮ್ಮೆ ಸಿಕ್ಕಿದ್ದರು. ಗಂಡನ ಮನೆಯವರ ಜೊತೆ ಗಡಹಿಂಗ್ಲಜಕ್ಕೆ ಮದುವೆಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಬದಿಗೆ ಸೋಡಾದ ಗಾಡಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಆದರೂ ನನಗೆ ಗುರುತು ಸಿಗದೆ ಇದ್ದೀತೇ? ಅವರು ಗೋಲಿ ಒತ್ತಿ ಬಾಟಲಿ ಕೈಗಿತ್ತು, ಎಷ್ಟು ಮಕ್ಕಳು ತಂಗಿ ಎಂದರು. ಇಬ್ಬರು ಎಂದೆ. ನಾದಿನಿ ಪಕ್ಕದಲ್ಲೇ ನಿಂತಿದ್ದಳು. ಯಾರು ಇವರು ಎಂದು ಕೇಳಿದಳು.

“ಯಾರೋ ಏನೋ, ಗೊತ್ತಿಲ್ಲ,” ಎಂದೆ ನಾನು.

ಅವರಿಗೆ ಕೇಳಿಸಿತು. ನಾದಿನಿಯ ಬಾಟಲಿಯ ಗೋಲಿ ಒತ್ತಿದರು...

ಅರವತ್ತರ ದಶಕದಲ್ಲಿ ಕಾಯ್ದೆ ಸಡಿಲಾಗುತ್ತ ಬಂತು. ಪರ್ಮಿಟ್ ಎಂಬ ಚೀಟಿ ಸಿಕ್ಕರೆ ಸಾಕು, ಕುಡಿಯಬಹುದಿತ್ತು. ನೀರು ಮುಟ್ಟದ ಆಚಾರವಂತರ ಮನೆಯಲ್ಲಿ ನನ್ನ ಯಜಮಾನರೇ ಮೊದಲು ಪರ್ಮಿಟ್ ಮಾಡಿಸಿದರು. ಕರಡಿಗೆಯನ್ನು ಗೂಟಕ್ಕೆ ತೂಗುಹಾಕಿ, ಪಡಸಾಲೆಯಲ್ಲೇ ಕೂತು ಕುಡಿದರು. ಅತ್ತೆ ಹುರಿದ ಶೇಂಗಾ ತಂದಿಟ್ಟರು. ನಾನು ಅಡುಗೆಮನೆಯಲ್ಲಿ ಕೂತು, ಇದಕ್ಕೇನು ನಾವು ಒಬ್ಬ ಮನುಷ್ಯನ ಮಾನ ತೆಗೆದದ್ದು ಎಂದು ಕಣ್ಣೀರು ಹಾಕಿದೆ.

ಅಪ್ಪ ಸತ್ತ. ಸುತ್ತಲಿನ ಊರುಗಳಿಂದ ಜನ ಬಂತು. ವಿಭೂತಿ ಧರಿಸಿ ಕೂಡಿಸಿದರು, ಎಡಗೈಯಲ್ಲಿ ಲಿಂಗ ಇಟ್ಟರು. ಇಂಥ ನಿಷ್ಠಾವಂತ ಇನ್ನೊಬ್ಬನಿಲ್ಲ ಎಂದು ಅಯ್ಯನವರು ಹೇಳಿದಾಗ ನಾನು ಚೀರಿ ಅತ್ತೆ. ತಂದೆಯ ಮೇಲೆ ಎಷ್ಟು ಜೀವ ಎಂದುಕೊಂಡರು ಎಲ್ಲರೂ. ಅಪ್ಪನ ತಿಂಗಳ ಕಾರ್ಯ ಮುಗಿದ ಮರುದಿನವೇ ನಾನು ಒಬ್ಬಳೇ ಗಡಹಿಂಗ್ಲಜದ ಬಸ್ಸು ಹತ್ತಿದೆ. ಇನ್ನು ಯಾರ ಅಂಜಿಕೆ ನನಗೆ?

ಕಾಕಾ ತೀರಿಕೊಂಡು ಆಗಲೇ ವರ್ಷವಾಗಿತ್ತು. ಅವರ ಅಣ್ಣನ ಮಗ, ನನ್ನ ವಯಸ್ಸಿನವನೇ, ಚಾಪೆ ಹಾಸಿ ಕೂಡಿಸಿದ. ಊರಿನ ಅಯ್ಯನವರು ಮಣ್ಣಿಗೆ ಬರಲಿಲ್ಲವಂತೆ, ಬೇರೆ ಊರಿನಿಂದ ಕರೆತಂದರಂತೆ. ನಾನು ಸೆರಗು ಮುಚ್ಚಿಕೊಂಡು, ಒಂದನ್ನೂ ಬಿಡದೆ, ಅಪ್ಪ ಗೋಡೆ ಹಾರಿದ್ದರಿಂದ ಹಿಡಿದು ನಾನು ಗೊತ್ತಿಲ್ಲ ಎಂದದ್ದರ ತನಕ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಾವೂ ಹಂಗ ತಿಳ್ಕೊಂಡಿದ್ವಿರಿ ಅಕ್ಕಾರ,” ಎಂದ. “ಕಾಕೂನ ಲಿಂಗ ಮನ್ಯಾಗ ಎಲ್ಲಿ ಐತಿ, ಇವರ ಜೋಡಿ ಮಣ್ಣಾಗರ ಇಡೂಣು ಅಂತ ಟ್ರಂಕೆಲ್ಲಾ ಹುಡುಕಿದ್ವಿ. ಸಿಗಲಿಲ್ಲ. ಮಾರಿರಬೇಕ ಅಂದ್ವಿ. ಜೀವ ಇದ್ದಾಗ ಅವರನ್ನ ಕೇಳಿದ್ನಿ ನಾ, ಕಡೀ ದಿನಾ. ಕಾಕಾ, ಕಾಕೂನ ಲಿಂಗ ಎಲ್ಲಿಟ್ಟೀರಿ ಅಂತ.”

ಏನೆಂದರು ಎಂದು ಕೇಳಿದೆ.

“ಆಕೀ ಕೈಯಾಗ ಐತೆಪಾ ಅಂದ್ರು. ಜ್ವರದಾಗ ಬಡಬಡಸಾಕತ್ತಾರ ಅಂದ್ಕೊಂಡು ನಾವು ನಕ್ಕಬಿಟ್ವಿ.”

ಅವರು ಇಡೀ ಬಾಳಿನಲ್ಲಿ ತಮ್ಮ ಪರವಾಗಿ ಆಡಿದ್ದು ಅದೊಂದೇ ಮಾತು. ಅದನ್ನು ಕೇಳಿ ನಕ್ಕವನೂ ಈಗಿಲ್ಲ. ಕಳ್ಳನೆಂದು ನಂಬಿದ್ದ ಓಣಿಯವರು ಒಬ್ಬೊಬ್ಬರಾಗಿ, ಹಾಗೇ ನಂಬಿಕೊಂಡು, ತಂತಮ್ಮ ಲಿಂಗ ಹಿಡಿದುಕೊಂಡು ಮಣ್ಣಿಗೆ ಹೋದರು. ಓಣಿಯವರ ಮುಂದೆ ಅಪ್ಪನ ಹೆಸರು ಎತ್ತಲು ನನಗೆ ಧೈರ್ಯ ಬರುವ ಹೊತ್ತಿಗೆ ಕೇಳಬೇಕಾದವರು ಒಬ್ಬರೂ ಉಳಿದಿರಲಿಲ್ಲ. ನನ್ನ ಸೊಸೆಗೆ ಹೇಳಿದೆ. ಪಾಪ, ಒಳ್ಳೆಯ ಹುಡುಗಿ, ಕಣ್ಣು ಒರೆಸಿಕೊಂಡಳು. ಆದರೆ ಕಾಕಾನನ್ನು ಆಕೆ ಯಾವತ್ತೂ ಕಳ್ಳ ಎಂದುಕೊಂಡವಳೇ ಅಲ್ಲವಲ್ಲ.